ದೇವರ ಪರವಾಗಿ ಸುಳ್ಳು ಹೇಳಬಹುದಾ? ಹ್ಯಾಲೋವೀನ್ ಕಥೆಗಳ ಬಗ್ಗೆ ಒಂದು ಅಧ್ಯಯನ

ಯೂತ್ ಸರ್ವಿಸ್ ಸಂದೇಶ. ವಾಕ್ಯಭಾಗ: ಯೋಬ 13:7–12

ಎಲ್ಲರೂ ಬೈಬಲ್ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಮೊಬೈಲ್ ತೆರೆಯಿರಿ, ಆದ್ರೆ ವಾಟ್ಸಾಪ್ ಬೇಡ, ಅದರ ವಿಷಯಕ್ಕೆ ಈಗಲೇ ಬರ್ತೀನಿ. ಯೋಬನ ಪುಸ್ತಕ, 13ನೇ ಅಧ್ಯಾಯ, 7ನೇ ವಚನದಿಂದ.

ಇಲ್ಲಿ ಯೋಬನು ತನ್ನ ಸ್ನೇಹಿತರಿಗೆ ಒಂದು ಪ್ರಶ್ನೆ ಹಾಕ್ತಾನೆ. ದೇವರ ವಕೀಲರ ಹಾಗೆ ಮಾತಾಡ್ತಾ ಇದ್ದೀರಲ್ಲ, ಆತನಿಗೋಸ್ಕರ ಸುಳ್ಳು ಹೇಳೋದಕ್ಕೂ ರೆಡಿ ಇದ್ದೀರಾ ಅಂತ. ಗಮನಿಸಿ, ಈ ಸ್ನೇಹಿತರು ಅವಿಶ್ವಾಸಿಗಳಲ್ಲ. ದೇವರ ಮಹಿಮೆ ಕಾಪಾಡಬೇಕು ಅಂತಲೇ ಬಂದವರು. ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಕೂತವರು. ಆದ್ರೆ ದೇವರು ನ್ಯಾಯವಂತ ಅಂತ ತೋರಿಸೋದಕ್ಕೆ ಯೋಬನು ಮಾಡದೇ ಇರೋ ಪಾಪವನ್ನು ಅವನ ತಲೆಗೆ ಕಟ್ಟಿದರು. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಯಾರ ಮೇಲೆ ಬಂತು? ಜಗಳ ಆಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ಮಾತಾಡಿದ ಈ ಸ್ನೇಹಿತರ ಮೇಲೆ. 42:7 ನೋಡಿಕೊಳ್ಳಿ. ನಿಮ್ಮ ಪರ ಸುಳ್ಳು ಸಾಕ್ಷಿ ಹೇಳಿದವನ ಮೇಲೆ ನೀವೇ ಕೇಸ್ ಹಾಕಿದ ಹಾಗೆ! ನಮ್ಮ ದೇವರಿಗೆ ಅಂಥ ಸಹಾಯ ಬೇಡ.

ಈಗ ವಾಟ್ಸಾಪ್ ವಿಷಯ. ಅಕ್ಟೋಬರ್ ಬಂತು ಅಂದ್ರೆ ಒಂದು ಫಾರ್ವರ್ಡ್ ಬರುತ್ತೆ. ನಿಮ್ಮೆಲ್ಲರಿಗೂ ಬಂದಿರುತ್ತೆ, ಕೆಂಪು ಎಚ್ಚರಿಕೆ ಚಿಹ್ನೆ ಹಾಕಿರ್ತಾರೆ. ಸಾರಾಂಶ ಇಷ್ಟು: ಎರಡು ಸಾವಿರ ವರ್ಷದ ಹಿಂದೆ ಐರ್ಲೆಂಡ್, ಬ್ರಿಟನ್‌ನಲ್ಲಿ ಡ್ರೂಯಿಡ್ ಅನ್ನೋ ಪೂಜಾರಿಗಳಿದ್ದರು. ಅಕ್ಟೋಬರ್ 31ರ ರಾತ್ರಿ ಸಾಮ್‌ಹೇನ್ ಅನ್ನೋ ಮೃತ್ಯುದೇವತೆಗೆ ಬಲಿ ಕೊಡೋದಕ್ಕೆ ಮನೆಮನೆಗೆ ಹೋಗಿ ಒಂದು ಮಗುವನ್ನೋ ಹುಡುಗಿಯನ್ನೋ ಕೇಳ್ತಿದ್ದರು. ಕೊಟ್ಟರೆ, ಆ ಮನೆಯ ಮುಂದೆ ಮನುಷ್ಯರ ಕೊಬ್ಬಿನಿಂದ ಉರಿಯುವ ದೀಪ ಇಡ್ತಿದ್ದರು, ಅದೇ ಇವತ್ತಿನ ಕುಂಬಳಕಾಯಿ ದೀಪ. ಕೊಡದೇ ಇದ್ದರೆ ಬಾಗಿಲಿಗೆ ರಕ್ತದ ಗುರುತು, ಬೆಳಗಾಗುವಷ್ಟರಲ್ಲಿ ಮನೆಯಲ್ಲಿ ಸಾವು. ಇದೇ "ಟ್ರಿಕ್ ಆರ್ ಟ್ರೀಟ್". ಕೊನೆಯಲ್ಲಿ, ನಿಮ್ಮ ಮಗುವಿನ ಕೈಗೆ ಚಾಕೊಲೇಟ್ ಕೊಡುವ ಮುಂಚೆ ಯೋಚಿಸಿ, ಹತ್ತು ಜನರಿಗೆ ಕಳಿಸಿ.

ಒಪ್ಕೋಬೇಕು, ಕಥೆ ಚೆನ್ನಾಗಿದೆ. ಭಯ ಇದೆ, ಮಗು ಇದೆ, ಇವತ್ತಿನ ಒಂದೊಂದು ಆಚಾರಕ್ಕೂ ಒಂದೊಂದು ರಹಸ್ಯ ಅರ್ಥ ಇದೆ. ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತೆ. ನನಗೆ ಅನುಮಾನ ಬರೋದೇ ಅಲ್ಲಿ. ನಿಜವಾದ ಇತಿಹಾಸ ಅಷ್ಟು ನೀಟಾಗಿ ಕೂರೋದಿಲ್ಲ. ಜ್ಞಾನೋಕ್ತಿ 18:17ರ ಬುದ್ಧಿಮಾತು ಏನು? ಮೊದಲು ಮಾತಾಡಿದವನು ಸರಿ ಅನ್ನಿಸ್ತಾನೆ, ಎದುರಾಳಿ ಬಂದು ಪ್ರಶ್ನೆ ಕೇಳೋವರೆಗೆ ಮಾತ್ರ. ಹಾಗಾದ್ರೆ ಪ್ರಶ್ನೆ ಕೇಳೋಣ.

ಮೊದಲು ಆ ದೇವತೆ. ಐರಿಷ್ ಭಾಷೆಯಲ್ಲಿ ಆ ಪದ ಬರೆಯೋದು ಒಂದು ಥರ, ಹೇಳೋದು ಇನ್ನೊಂದು ಥರ. "ಸಾಮ್‌ಹೇನ್" ಅಲ್ಲ, ಹೆಚ್ಚುಕಡಿಮೆ "ಸಾವ್-ಇನ್". ನಮ್ಮಲ್ಲಿ ಕೆಲವರು ನಗ್ತಿದ್ದೀರಿ, ಗೊತ್ತು. ಕನ್ನಡದ ಕಿವಿಗೆ "ಸಾವಿನ" ಅಂತ ಕೇಳಿಸುತ್ತೆ. ಮೃತ್ಯುದೇವತೆ ಅನ್ನೋದಕ್ಕೆ ಇನ್ನೇನು ಪುರಾವೆ ಬೇಕು, ಅಲ್ವಾ? ನಾನು ಇದನ್ನು ಇಲ್ಲಿ ತಮಾಷೆಗೆ ಹೇಳಿದ್ದೀನಿ, ಆದ್ರೆ ಯಾರಾದ್ರೂ ಇದನ್ನೇ ಗಂಭೀರವಾಗಿ ಟೈಪ್ ಮಾಡಿ ಬಿಟ್ಟರೆ ಮುಂದಿನ ವರ್ಷ ಇದೂ ಫಾರ್ವರ್ಡ್ ಆಗಿ ಬರುತ್ತೆ. ಎರಡು ಭಾಷೆಯ ಎರಡು ಪದಗಳು ಒಂದೇ ಥರ ಕೇಳಿಸಿದ ಮಾತ್ರಕ್ಕೆ ಸಂಬಂಧ ಇರೋದಿಲ್ಲ. ಸಾವ್-ಇನ್ ಒಂದು ಹಬ್ಬದ ಹೆಸರು, ಒಂದು ಕಾಲದ ಹೆಸರು. ಬೇಸಿಗೆ ಮುಗಿದು ಚಳಿಗಾಲ ಶುರುವಾಗೋ ಹೊತ್ತು, ಹುಲ್ಲುಗಾವಲಿಗೆ ಹೋದ ದನಗಳು ವಾಪಸ್ ಬರೋ ಕಾಲ. ಇವತ್ತಿಗೂ ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಅದೇ ಹೆಸರು. ಆ ಹೆಸರಿನ ಮೃತ್ಯುದೇವತೆ ಹಳೆಯ ಐರಿಷ್ ಗ್ರಂಥಗಳಲ್ಲಿ ಇಲ್ಲ.

ಮತ್ತೆ ಆ ದೇವತೆ ಬಂದದ್ದು ಎಲ್ಲಿಂದ? ಇಲ್ಲಿ ನಮಗೆ ಒಬ್ಬ ಮನುಷ್ಯ ಸಿಗ್ತಾನೆ. ಚಾರ್ಲ್ಸ್ ವ್ಯಾಲೆನ್ಸಿ. 18ನೇ ಶತಮಾನದ ಬ್ರಿಟಿಷ್ ಸೇನೆಯ ಎಂಜಿನಿಯರ್. ಸರ್ವೇ ಕೆಲಸಕ್ಕೆ ಐರ್ಲೆಂಡ್‌ಗೆ ಬಂದವನು, ಅಲ್ಲಿನ ಭಾಷೆ, ಇತಿಹಾಸದ ಮೇಲೆ ಪ್ರೀತಿ ಬಂತು. ಪ್ರೀತಿ ಒಳ್ಳೆಯದೇ. ಆದ್ರೆ ಭಾಷೆಯನ್ನು ಸರಿಯಾಗಿ ಕಲಿಯದೆ, ಐರಿಷ್ ಪದಗಳಿಗೆ ಫಿನೀಷಿಯನ್, ಪರ್ಷಿಯನ್, ಅಷ್ಟೇ ಯಾಕೆ, ನಮ್ಮ ಭಾರತದ ಪದಗಳ ಜೊತೆಗೂ ಗಂಟು ಹಾಕಿದ. ಕೇಳಿಸೋದಕ್ಕೆ ಒಂದೇ ಥರ ಇದ್ದರೆ ಸಾಕು, ಅವನಿಗೆ ಅದು ಪುರಾವೆ. ಹಾಗೆ ಮಾಡ್ತಾ ಮಾಡ್ತಾ ಸಾವ್-ಇನ್ ಹಬ್ಬದ ಹೆಸರಿನಿಂದ ಸತ್ತವರ ಆತ್ಮಗಳಿಗೆ ತೀರ್ಪು ಕೊಡುವ ಒಬ್ಬ ದೇವತೆಯನ್ನು ಎತ್ತಿ ನಿಲ್ಲಿಸಿದ. ಸರ್ ವಿಲಿಯಂ ಜೋನ್ಸ್ ಹೆಸರು ಕೇಳಿರ್ತೀರಿ, ಕಲ್ಕತ್ತಾದಲ್ಲಿ ಜಡ್ಜ್ ಆಗಿದ್ದವರು, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದವರು, ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗೂ ಇರುವ ನಿಜವಾದ ಸಂಬಂಧವನ್ನು ಜಗತ್ತಿಗೆ ತೋರಿಸಿದವರು. ವ್ಯಾಲೆನ್ಸಿ ಅವರ ಸ್ನೇಹಿತನೇ. ಆದರೂ 1786ರಲ್ಲಿ ಬಂದ ಅವನ ಪುಸ್ತಕದ ಬಗ್ಗೆ ಒಂದು ಖಾಸಗಿ ಪತ್ರದಲ್ಲಿ ಅವರು ಚೆನ್ನಾಗಿ ಗೇಲಿ ಮಾಡಿದ್ದಾರೆ. ಪದಗಳ ಸಂಬಂಧ ಹುಡುಕೋದರಲ್ಲಿ ಅವರಿಗಿಂತ ಬಲ್ಲವರು ಆ ಕಾಲದಲ್ಲಿ ಯಾರು?

ಆದ್ರೆ ಪುಸ್ತಕ ಉಳೀತು. ಒಬ್ಬ ಬರೆದದ್ದನ್ನು ಇನ್ನೊಬ್ಬ ನಕಲು ಮಾಡಿದ, ಅವನನ್ನು ಮತ್ತೊಬ್ಬ. 19ನೇ ಶತಮಾನದ ಕೊನೆಯಲ್ಲಿ ಜಾನ್ ರೈಸ್, ಜೇಮ್ಸ್ ಫ್ರೇಜರ್ ಥರದ ದೊಡ್ಡ ವಿದ್ವಾಂಸರು, ಬೇರೆ ದಾರಿಯಲ್ಲಿ, ಇದು ಪ್ರಾಚೀನ ಕೆಲ್ಟ್ ಜನರ ಹೊಸ ವರ್ಷ, ಸತ್ತವರ ಹಬ್ಬ ಅಂತ ಊಹೆ ಮಾಡಿದರು. ಬ್ರಿಟನ್‌ನ ಇತಿಹಾಸಕಾರ ರೊನಾಲ್ಡ್ ಹಟನ್ 1996ರ ತಮ್ಮ ಪುಸ್ತಕದಲ್ಲಿ ಈ ಊಹೆಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಕ್ರೈಸ್ತಪೂರ್ವ ಕಾಲದಲ್ಲಿ ಇದು ಸತ್ತವರ ಹಬ್ಬವಾಗಿತ್ತು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ತೋರಿಸಿದ್ದಾರೆ. ಅವರೇನು ನಮ್ಮ ಸಭೆಯವರಲ್ಲ, ಕ್ರೈಸ್ತ ಪ್ರಚಾರಕರೂ ಅಲ್ಲ. ಸತ್ಯ ಹುಡುಕಿದವರು, ಅಷ್ಟೇ.

"ಹಾಗಾದ್ರೆ ಡ್ರೂಯಿಡ್‌ಗಳು ಒಳ್ಳೆಯವರಾ, ಬ್ರದರ್?" ಅಂತ ಕೇಳಬಹುದು. ನಾನು ಹಾಗೆ ಹೇಳಲಿಲ್ಲ. ಜೂಲಿಯಸ್ ಸೀಸರ್ ಬರೆದಿದ್ದಾನೆ, ಗಾಲ್ ದೇಶದಲ್ಲಿ, ಅಂದ್ರೆ ಇವತ್ತಿನ ಫ್ರಾನ್ಸ್ ಕಡೆ, ಬೆತ್ತದಿಂದ ಹೆಣೆದ ದೊಡ್ಡ ಆಕೃತಿಗಳ ಒಳಗೆ ಮನುಷ್ಯರನ್ನು ತುಂಬಿ ಸುಡ್ತಿದ್ದರು ಅಂತ. ಅವನು ಅವರ ವಿರುದ್ಧ ಯುದ್ಧ ಮಾಡ್ತಿದ್ದ ಸೇನಾಧಿಪತಿ, ಆ ಮಾತನ್ನೂ ತೂಗಿ ನೋಡಬೇಕು, ಪೂರ್ತಿ ತಳ್ಳಿಹಾಕಲೂ ಬಾರದು. ಐರ್ಲೆಂಡ್‌ನಲ್ಲಿ 12ನೇ ಶತಮಾನದ ಒಂದು ಹಸ್ತಪ್ರತಿ ಇದೆ. ಅದರಲ್ಲಿ ಕ್ರೋಮ್ ಕ್ರೂಆಕ್ ಅನ್ನೋ ವಿಗ್ರಹಕ್ಕೆ ಚೊಚ್ಚಲ ಮಕ್ಕಳನ್ನು ಅರ್ಪಿಸ್ತಿದ್ದರು, ಸಾವ್-ಇನ್ ಹೊತ್ತಿನಲ್ಲಿ ಒಬ್ಬ ರಾಜ ಅದಕ್ಕೆ ಅಡ್ಡಬಿದ್ದು ಸತ್ತ ಅನ್ನೋ ಕಥೆ ಇದೆ. ಇದನ್ನು ನಿಮ್ಮಿಂದ ಮುಚ್ಚಿಡೋದಿಲ್ಲ. ನನ್ನ ವಾದಕ್ಕೆ ತೊಂದರೆ ಅಂತ ಮುಚ್ಚಿಟ್ಟರೆ ನಾನೂ ಯೋಬನ ಸ್ನೇಹಿತರ ಸಾಲಿನಲ್ಲೇ ಕೂತ ಹಾಗೆ. ಆದ್ರೆ ಅದನ್ನು ಬರೆದವರು ಪ್ಯಾಟ್ರಿಕ್ ಬಂದು ಸುಮಾರು 700 ವರ್ಷ ಆದ ಮೇಲಿನ ಕ್ರೈಸ್ತರು, ಕಣ್ಣಾರೆ ಕಂಡವರಲ್ಲ. ಆ ಕಥೆಯಲ್ಲೂ ಮನೆಮನೆಗೆ ಹೋಗೋದು ಇಲ್ಲ, ಕೊಬ್ಬಿನ ದೀಪ ಇಲ್ಲ, ಬಾಗಿಲಿನ ಗುರುತು ಇಲ್ಲ.

ಅವು ಎಲ್ಲಿವೆ ಗೊತ್ತಾ? ಅಮೆರಿಕದ ಕಾಮಿಕ್ಸ್‌ನಲ್ಲಿ. 1970, 80ರ ದಶಕದಲ್ಲಿ ಜಾಕ್ ಚಿಕ್ ಅನ್ನೋವರು ಚಿತ್ರಕಥೆಯ ಸುವಾರ್ತೆ ಕರಪತ್ರಗಳನ್ನು ಅಚ್ಚು ಹಾಕ್ತಿದ್ದರು. ಡ್ರೂಯಿಡ್‌ಗಳು ಬಾಗಿಲು ತಟ್ಟಿ ಹುಡುಗಿಯನ್ನು ಕೇಳೋದು, ಕೊಬ್ಬಿನ ದೀಪ ಇಡೋದು, ಎಲ್ಲವನ್ನೂ ಅಲ್ಲಿ ಚಿತ್ರ ಸಮೇತ ನೋಡಬಹುದು. ಎರಡು ಸಾವಿರ ವರ್ಷದ ಕಥೆ ಅಂತ ನಾವು ಹಂಚೋದು ನಿಮ್ಮ ಅಪ್ಪ ಅಮ್ಮನ ಕಾಲದ ಕಾಮಿಕ್ಸ್. ಅದೇ ಕಾಲದಲ್ಲಿ ಮೈಕ್ ವಾರ್ನ್ಕೆ ಅನ್ನೋ ಬೋಧಕ, ತಾನು 1,500 ಜನ ಸೈತಾನ ಆರಾಧಕರ ಮಹಾಯಾಜಕನಾಗಿದ್ದೆ ಅಂತ ಸಾಕ್ಷಿ ಹೇಳಿ 1972ರಲ್ಲಿ ಪುಸ್ತಕ ಬರೆದು ದೊಡ್ಡ ಹೆಸರು ಮಾಡಿದ. ಈ ಥರದ ಸಾಕ್ಷಿಗಳಿಂದಲೇ ಇಂಥ ಕಥೆಗಳಿಗೆ ಬಲ ಬಂದದ್ದು. 1992ರಲ್ಲಿ ಚಿಕಾಗೋದ ಕಾರ್ನರ್‌ಸ್ಟೋನ್ ಪತ್ರಿಕೆ ಅವನ ಹಳೆಯ ಸ್ನೇಹಿತರನ್ನೆಲ್ಲ ಹುಡುಕಿ ಮಾತಾಡಿಸಿ, ಆ ಸಾಕ್ಷಿ ಕಟ್ಟುಕಥೆ ಅಂತ ಬಯಲಿಗೆ ತಂತು. ಆ ಪತ್ರಿಕೆ ಯಾರದ್ದು? ನಾಸ್ತಿಕರದ್ದಲ್ಲ, ಯೇಸುವನ್ನು ನಂಬಿದ ಯೌವನಸ್ಥರ ಒಂದು ಸಮುದಾಯದ್ದು. ಆ ಸಹೋದರರಿಗಾಗಿ ನಾನು ದೇವರಿಗೆ ಸ್ತೋತ್ರ ಮಾಡ್ತೀನಿ. ಬೆರೋಯದವರು ಪೌಲನ ಮಾತನ್ನೇ ವಾಕ್ಯದಲ್ಲಿ ಪರೀಕ್ಷೆ ಮಾಡಿ ನೋಡಿದರು, ಪೌಲನು ಮುನಿಸಿಕೊಳ್ಳಲಿಲ್ಲ. ಅಪೊಸ್ತಲರ ಕೃತ್ಯಗಳು 17:11.

ಇನ್ನು ಟ್ರಿಕ್ ಆರ್ ಟ್ರೀಟ್. ಈ ಮೂರು ಪದಗಳು ಕಾಣಿಸಿಕೊಳ್ಳೋದು 20ನೇ ಶತಮಾನದ ಮೊದಲ ದಶಕಗಳಲ್ಲಿ, ಕೆನಡಾದ ಪತ್ರಿಕೆಗಳಲ್ಲಿ. ಆಲ್ಬರ್ಟಾ ಪ್ರಾಂತ್ಯದ ಬ್ಲ್ಯಾಕಿ ಅನ್ನೋ ಸಣ್ಣ ಊರಿನ 1927ರ ವರದಿಯನ್ನು ಎಲ್ಲರೂ ಉದಾಹರಣೆ ಕೊಡ್ತಾರೆ. ಆಗ ಅಮೆರಿಕ, ಕೆನಡಾದಲ್ಲಿ ಹ್ಯಾಲೋವೀನ್ ಅಂದ್ರೆ ಹುಡುಗರ ಪುಂಡಾಟದ ರಾತ್ರಿ. ಗೇಟ್ ಕಿತ್ತು ಮರದ ಮೇಲೆ ಇಡೋದು, ಹಿತ್ತಲ ಕಕ್ಕಸು ಉರುಳಿಸೋದು, ಗಾಡಿ ಎತ್ತಿಕೊಂಡು ಹೋಗೋದು. 1930ರ ದಶಕದ ಬಡತನದ ದಿನಗಳಲ್ಲಿ ಇದು ಹಾನಿ ಮಾಡೋ ಮಟ್ಟಕ್ಕೆ ಹೋಯ್ತು. ಆಗ ಊರಿನ ದೊಡ್ಡವರು, ಸ್ಕೌಟ್‌ನವರು, ಕ್ಲಬ್‌ನವರು ಯೋಚನೆ ಮಾಡಿದರು: ಮಕ್ಕಳ ಬಾಯಿ ಸಿಹಿ ಮಾಡಿದರೆ ಕಿಟಕಿ ಗಾಜು ಉಳಿಯುತ್ತೆ. ವೇಷ ಹಾಕಿಕೊಂಡು ಬಂದ ಮಕ್ಕಳಿಗೆ ಸೇಬು, ಕಡಲೆಕಾಯಿ, ಡೋನಟ್, ಚಿಲ್ಲರೆ ಕಾಸು. ಎರಡನೇ ಮಹಾಯುದ್ಧದಲ್ಲಿ 1942ರಿಂದ 1947ರವರೆಗೆ ಸಕ್ಕರೆ ರೇಷನ್ ಇತ್ತು, ಎಲ್ಲ ತಣ್ಣಗಾಯ್ತು. ಯುದ್ಧ ಮುಗಿದ ಮೇಲೆ ಹೊಸ ಬಡಾವಣೆಗಳು, ಸಾಲು ಸಾಲು ಮನೆಗಳು, ತುಂಬ ಮಕ್ಕಳು. ಪದ್ಧತಿ ದೇಶ ಪೂರ್ತಿ ಹಬ್ಬಿತು.

ವೇಷದ ಹಿಂದೆಯೂ ಕಂಪನಿಗಳಿವೆ. ಡೆನಿಸನ್ ಅನ್ನೋ ಕಾಗದದ ಕಂಪನಿ 1909ರಲ್ಲೇ ಹ್ಯಾಲೋವೀನ್ ಅಲಂಕಾರದ ಪುಸ್ತಕ ತಂತು, ಕ್ರೇಪ್ ಪೇಪರ್ ಮಾರೋದಕ್ಕೆ. 1930ರ ದಶಕದ ಕೊನೆಗೆ ಬೆನ್ ಕೂಪರ್ ಕಂಪನಿ ಡಿಸ್ನಿ ಪಾತ್ರಗಳ ರೆಡಿಮೇಡ್ ವೇಷ ಮಾರ್ತಿತ್ತು. ಇದಕ್ಕೂ ಹಿಂದೆ ಹೋದರೆ ಸ್ಕಾಟ್ಲೆಂಡ್, ಐರ್ಲೆಂಡ್‌ನಲ್ಲಿ ಮಕ್ಕಳು ವೇಷ ಹಾಕಿ ಹಾಡಿ ತಿಂಡಿ ಕೇಳೋದು ಇತ್ತು. ಇಂಗ್ಲೆಂಡ್‌ನಲ್ಲಿ ಬಡವರು ಮನೆಮನೆಗೆ ಹೋಗಿ, ಸತ್ತವರಿಗಾಗಿ ಪ್ರಾರ್ಥನೆ ಮಾಡ್ತೀವಿ ಅಂತ "ಆತ್ಮದ ರೊಟ್ಟಿ" ಅನ್ನೋ ಸಣ್ಣ ಕೇಕ್ ಪಡೆಯೋದು ಇತ್ತು. ಅದು ರೋಮನ್ ಕಥೋಲಿಕ ಆಚಾರ. ಸತ್ತವರಿಗಾಗಿ ಪ್ರಾರ್ಥನೆ ಮಾಡೋದನ್ನು ನಾವು ಒಪ್ಪೋದಿಲ್ಲ, ಸರಿ. ಒಪ್ಪದೇ ಇರೋದು ಬೇರೆ, ಆ ರೊಟ್ಟಿ ತಿಂದ ಬಡವನನ್ನು ನರಬಲಿ ಕೊಡೋನು ಅನ್ನೋದು ಬೇರೆ. ಕುಂಬಳಕಾಯಿ ಅಮೆರಿಕದ ಬೆಳೆ. ಅಲ್ಲಿಗೆ ಹೋದ ಐರಿಷ್ ಜನ ಊರಿನಲ್ಲಿ ಟರ್ನಿಪ್ ಗಡ್ಡೆ ಕೆತ್ತಿ ದೀಪ ಇಡ್ತಿದ್ದರು. ಪ್ರಾಚೀನ ಡ್ರೂಯಿಡ್ ಕುಂಬಳಕಾಯಿಯನ್ನು ಕಣ್ಣಿಂದ ನೋಡಿರೋ ಸಾಧ್ಯತೆಯೇ ಇಲ್ಲ.

ಹೆಸರು ನೋಡಿ. ಇಂಗ್ಲಿಷ್‌ನಲ್ಲಿ ಕರ್ತನ ಪ್ರಾರ್ಥನೆ ಕಲಿತವರಿಗೆ "ಹ್ಯಾಲೋಡ್" ಅನ್ನೋ ಪದ ಗೊತ್ತು, ಪರಿಶುದ್ಧ ಅಂತ ಎಣಿಸಲ್ಪಡಲಿ ಅನ್ನೋ ಕಡೆ ಬರುತ್ತೆ. ಅದೇ ಪದ. ಹ್ಯಾಲೋವೀನ್ ಅಂದ್ರೆ ಸಕಲ ಪರಿಶುದ್ಧರ ದಿನದ ಹಿಂದಿನ ಸಂಜೆ. ನವೆಂಬರ್ 1 ಆ ದಿನ. ಫಾರ್ವರ್ಡ್‌ನ ಇನ್ನೊಂದು ಆವೃತ್ತಿಯಲ್ಲಿ, ಐರಿಷ್ ಹಬ್ಬವನ್ನು ಮುಚ್ಚೋದಕ್ಕೇ ಪೋಪ್ ಈ ತಾರೀಕು ಇಟ್ಟರು ಅಂತ ಇರುತ್ತೆ. ಆದ್ರೆ ರೋಮ್‌ನಲ್ಲಿ ಮೊದಲು ಎಲ್ಲ ಹತಸಾಕ್ಷಿಗಳ ನೆನಪು ಮೇ 13ಕ್ಕೆ ಇತ್ತು, 7ನೇ ಶತಮಾನದ ಆರಂಭದಲ್ಲಿ ಪ್ಯಾಂಥಿಯನ್ ದೇವಸ್ಥಾನವನ್ನು ಚರ್ಚ್ ಮಾಡಿದ ದಿನ. ಪೂರ್ವದ ಸಭೆಗಳಲ್ಲಿ ಇವತ್ತಿಗೂ ಆ ಹಬ್ಬ ಪಂಚಾಶತ್ತಮದ ಮುಂದಿನ ಭಾನುವಾರ, ಪೆಂಟೆಕೊಸ್ತರಾದ ನಮಗೆ ಇದು ಕೇಳೋದಕ್ಕೆ ಚೆನ್ನಾಗಿದೆ. ಐರ್ಲೆಂಡ್‌ನಲ್ಲಿ? ಸುಮಾರು ಕ್ರಿ.ಶ. 800ರ ಐರಿಷ್ ಸಂತರ ಪಟ್ಟಿಗಳಲ್ಲಿ ಸಕಲ ಪರಿಶುದ್ಧರ ದಿನ ಏಪ್ರಿಲ್ 20. ಸಾವ್-ಇನ್ ಆಚರಿಸೋ ಐರಿಷರೇ ಅದನ್ನು ಏಪ್ರಿಲ್‌ನಲ್ಲಿ ಮಾಡ್ತಿದ್ದರು! ನವೆಂಬರ್ 1 ಬಂದದ್ದು ಇಂಗ್ಲೆಂಡ್, ಜರ್ಮನಿ ಕಡೆಯಿಂದ, 835ರಲ್ಲಿ ಚಕ್ರವರ್ತಿ ಲೂಯಿಯ ಆಜ್ಞೆಯಿಂದ ಅವನ ರಾಜ್ಯದಲ್ಲೆಲ್ಲ ಹರಡಿತು. ಐರಿಷ್ ಹಬ್ಬಕ್ಕೆ ಮುಸುಕು ಹಾಕಿದರು ಅನ್ನೋ ಕಥೆ ಇಲ್ಲಿಗೇ ಸಡಿಲವಾಗುತ್ತೆ.

ಇದೇ ಸಂಜೆ, 1517ರ ಅಕ್ಟೋಬರ್ 31, ಮಾರ್ಟಿನ್ ಲೂಥರ್ 95 ವಾದಗಳನ್ನು ಮುಂದಿಟ್ಟ ದಿನ. ಚರ್ಚ್ ಬಾಗಿಲಿಗೆ ಮೊಳೆ ಹೊಡೆದರಾ ಇಲ್ಲವಾ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ, ಆರ್ಚ್‌ಬಿಷಪ್‌ಗೆ ಆ ದಿನ ಪತ್ರ ಬರೆದದ್ದು ಖಚಿತ. ನೋಡಿ, ನಮಗೆ ಇಷ್ಟವಾದ ಕಥೆಗೂ ಇದೇ ತಕ್ಕಡಿ ಹಿಡೀಬೇಕು.

ಈಗ ನೀವು ಕೇಳ್ತೀರಿ, "ಬ್ರದರ್, ಒಂದು ಕಥೆ ಹೆಚ್ಚುಕಡಿಮೆ ಆದ್ರೆ ಏನಾಯ್ತು? ಉದ್ದೇಶ ಒಳ್ಳೇದಲ್ವಾ? ಮಕ್ಕಳು ಕೆಟ್ಟದ್ದರಿಂದ ದೂರ ಇದ್ದರೆ ಸಾಕಲ್ವಾ?" ಇದಕ್ಕೆ ನನ್ನ ಹತ್ತಿರ ಒಂದು ನಿಜವಾದ ಸಂಗತಿ ಇದೆ. ಕೇಳೋದಕ್ಕೆ ಕಷ್ಟ, ಆದ್ರೂ ಕೇಳಿ.

ಹ್ಯಾಲೋವೀನ್ ಬಗ್ಗೆ ಇನ್ನೊಂದು ಕಟ್ಟುಕಥೆ, ಗುರುತಿಲ್ಲದ ಜನ ಮಕ್ಕಳ ಮಿಠಾಯಿಯಲ್ಲಿ ವಿಷ ಹಾಕ್ತಾರೆ, ಸೇಬಿನಲ್ಲಿ ಬ್ಲೇಡ್ ಇಡ್ತಾರೆ ಅನ್ನೋದು. ಜೋಯಲ್ ಬೆಸ್ಟ್ ಅನ್ನೋ ಸಮಾಜಶಾಸ್ತ್ರಜ್ಞ 1958ರಿಂದ ಈಚಿನ ಪತ್ರಿಕಾ ವರದಿಗಳನ್ನು ಜಾಲಾಡಿದರು. ಮನೆಮನೆಗೆ ಹೋದ ಮಗುವನ್ನು ಗುರುತಿಲ್ಲದ ವ್ಯಕ್ತಿ ಮಿಠಾಯಿಯಲ್ಲಿ ವಿಷ ಹಾಕಿ ಕೊಂದ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಗಲಿಲ್ಲ. ಬ್ಲೇಡು, ಪಿನ್ನು ಸಿಕ್ಕಿತು ಅನ್ನೋ ವರದಿಗಳಲ್ಲಿ ಹೆಚ್ಚಿನವು ಮಕ್ಕಳೇ ಮಾಡಿದ ತಮಾಷೆ. ಆದ್ರೆ 1970ರ ಹೊತ್ತಿಗೆ ಎಲ್ಲ ಅಪ್ಪ ಅಮ್ಮಂದಿರೂ ನಂಬಿದ್ದರು. ಮನೆಯಲ್ಲಿ ಮಾಡಿದ ತಿಂಡಿ ಬಿಟ್ಟು ಪ್ಯಾಕೆಟ್ ಚಾಕೊಲೇಟ್ ಮಾತ್ರ ಕೊಡೋದು ಇನ್ನಷ್ಟು ಗಟ್ಟಿಯಾಯ್ತು. ಲಾಭ ಆದದ್ದು ಯಾರಿಗೆ ಅಂತ ನಾನು ಹೇಳಬೇಕಾಗಿಲ್ಲ.

1974ರ ಅಕ್ಟೋಬರ್ 31, ಟೆಕ್ಸಾಸ್. ರೊನಾಲ್ಡ್ ಓಬ್ರಯನ್ ಅನ್ನೋವನು ತನ್ನ ಮಕ್ಕಳನ್ನು ಟ್ರಿಕ್ ಆರ್ ಟ್ರೀಟ್‌ಗೆ ಕರೆದುಕೊಂಡು ಹೋದ. ಆ ರಾತ್ರಿ ಅವನ 8 ವರ್ಷದ ಮಗ ಪುಡಿ ಮಿಠಾಯಿ ತಿಂದು ಸತ್ತ. ಅದರಲ್ಲಿ ಸೈನೈಡ್ ಇತ್ತು. ಒಂದು ಕತ್ತಲೆ ಮನೆಯ ಬಾಗಿಲು ಸ್ವಲ್ಪ ತೆರೆದು ಒಂದು ಕೈ ಮಿಠಾಯಿ ಕೊಟ್ಟಿತು ಅಂತ ಅಪ್ಪ ಹೇಳಿದ. ಜನ ನಂಬಿದರು, ಯಾಕಂದ್ರೆ ಅವರು ಎಷ್ಟೋ ವರ್ಷದಿಂದ ಕೇಳಿದ ಕಥೆ ಅದೇ. ಅವನು ಒಂದು ಮನೆಯನ್ನೂ ತೋರಿಸಿದ. ಆ ಮನೆಯವನು ಆ ರಾತ್ರಿ ವಿಮಾನ ನಿಲ್ದಾಣದಲ್ಲಿ ಡ್ಯೂಟಿಯಲ್ಲಿದ್ದ, ಸಹೋದ್ಯೋಗಿಗಳೇ ಸಾಕ್ಷಿ. ಅವರು ಇಲ್ಲದೇ ಹೋಗಿದ್ದರೆ? ತನಿಖೆ ಆದಾಗ ಗೊತ್ತಾಯ್ತು, ಸಾಲದಲ್ಲಿ ಮುಳುಗಿದ್ದ ಅಪ್ಪನೇ ಮಕ್ಕಳ ಹೆಸರಿನಲ್ಲಿ ವಿಮೆ ಮಾಡಿಸಿ, ಮಗನಿಗೆ, ಮಗಳಿಗೆ, ಇನ್ನೂ ಮೂರು ಮಕ್ಕಳಿಗೆ ಆ ಮಿಠಾಯಿ ಕೊಟ್ಟಿದ್ದ. ಉಳಿದವರು ತಿನ್ನದೇ ಇದ್ದದ್ದು ದೇವರ ಕೃಪೆ. 1984ರಲ್ಲಿ ಅವನಿಗೆ ಮರಣದಂಡನೆ ಆಯ್ತು. ಅವನು ತನ್ನ ಚರ್ಚ್‌ನಲ್ಲಿ ಡೀಕನ್ ಆಗಿದ್ದ.

ಕಥೆಯನ್ನು ಹಬ್ಬಿಸಿದ ತಾಯಂದಿರು ಯಾರೂ ಕೆಟ್ಟವರಲ್ಲ. ಮಕ್ಕಳ ಮೇಲಿನ ಪ್ರೀತಿಯಿಂದ ಹೇಳಿದ್ದು. ಆದ್ರೆ ಒಬ್ಬ ಕೊಲೆಗಾರನಿಗೆ ಅಡಗಿಕೊಳ್ಳೋ ಜಾಗ ರೆಡಿಯಾಗಿತ್ತು, ನಿರಪರಾಧಿ ನೆರೆಯವನ ಕುತ್ತಿಗೆಗೆ ಹಗ್ಗವೂ ರೆಡಿಯಾಗಿತ್ತು. ಹತ್ತು ಆಜ್ಞೆಗಳಲ್ಲಿ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಬೇಡ ಅಂತ ಇದೆ. ಒಳ್ಳೆಯ ಉದ್ದೇಶ ಇದ್ದರೆ ಪರವಾಗಿಲ್ಲ ಅಂತ ಬ್ರಾಕೆಟ್‌ನಲ್ಲಿ ಸೇರಿಸಿಲ್ಲ.

ಇನ್ನೊಂದು ನಷ್ಟ ನಮ್ಮ ಹತ್ತಿರದ್ದು. ಬೆಂಗಳೂರಿನಲ್ಲಿ ಈಗ ಅಪಾರ್ಟ್‌ಮೆಂಟ್‌ನಲ್ಲಿ, ಆಫೀಸಿನಲ್ಲಿ, ಪ್ಲೇ ಸ್ಕೂಲ್‌ನಲ್ಲಿ ಹ್ಯಾಲೋವೀನ್ ನಡೀತಿದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಯೂತ್‌ನ ಒಬ್ಬ ಸಹೋದರಿ ಈ ಡ್ರೂಯಿಡ್ ಫಾರ್ವರ್ಡನ್ನು ಆಫೀಸಿನ ಟೀಮ್ ಗ್ರೂಪ್‌ಗೆ ಹಾಕಿದಳು. ಧೈರ್ಯದ ಕೆಲಸವೇ. ಹತ್ತು ನಿಮಿಷದಲ್ಲಿ ಒಬ್ಬ ಸಹೋದ್ಯೋಗಿ ಹುಡುಕಿ ನೋಡಿ, ಇದು ಸುಳ್ಳು ಅಂತ ಲಿಂಕ್ ಸಮೇತ ಹಾಕಿದ. ಜೊತೆಗೆ ವೈಯಕ್ತಿಕವಾಗಿ ಒಂದು ಮೆಸೇಜ್: ಹೋದ ತಿಂಗಳು ನೀನು ಯೇಸು ಸಮಾಧಿಯಿಂದ ಎದ್ದು ಬಂದ ಅಂದೆಯಲ್ಲ, ಅದನ್ನೂ ಹೀಗೇ ಯಾರೋ ಕಳಿಸಿದ್ದಾ? ಅವಳು ಆ ಮೆಸೇಜ್ ತೋರಿಸಿದಾಗ ಕಣ್ಣಲ್ಲಿ ನೀರಿತ್ತು. ನನಗೂ ತಕ್ಷಣ ಮಾತು ಹೊರಡಲಿಲ್ಲ. ಆ ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ.

ಯಾಕಂದ್ರೆ ನಮ್ಮ ನಂಬಿಕೆ ನಿಂತಿರೋದೇ ಸಾಕ್ಷಿಯ ಮೇಲೆ. ಲೂಕನು ಸುವಾರ್ತೆ ಶುರು ಮಾಡೋದೇ ಹೇಗೆ? ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೀತಿದ್ದೀನಿ ಅಂತ. ಪೇತ್ರನು 2 ಪೇತ್ರ 1:16ರಲ್ಲಿ ನಾವು ಜಾಣತನದ ಕಲ್ಪನಾಕಥೆಗಳನ್ನು ಹಿಂಬಾಲಿಸಿದವರಲ್ಲ ಅನ್ನೋ ಅರ್ಥದಲ್ಲಿ ಬರೀತಾನೆ. ಪೌಲನು ತಿಮೊಥೆಯನಿಗೆ ಅಜ್ಜಿಕಥೆಗಳನ್ನು ಬಿಟ್ಟುಬಿಡು ಅಂತಾನೆ, 1 ತಿಮೊಥೆಯ 4:7. ಭಾನುವಾರ ಪುನರುತ್ಥಾನಕ್ಕೆ ಸಾಕ್ಷಿ ಹೇಳುವ ಬಾಯಿಂದಲೇ ಸೋಮವಾರ ಕೊಬ್ಬಿನ ದೀಪದ ಕಥೆ ಬಂದರೆ, ಕೇಳುವವನಿಗೆ ಎರಡಕ್ಕೂ ಒಂದೇ ಬೆಲೆ.

ಸರಿ, ಪಾರ್ಟಿಗೆ ಹೋಗಬಹುದಾ? ಎಲ್ಲರೂ ಇದಕ್ಕೇ ಕಾಯ್ತಿದ್ದೀರಿ. ಡ್ರೂಯಿಡ್ ಕಥೆ ಸುಳ್ಳು ಅಂದ ಮಾತ್ರಕ್ಕೆ ಹ್ಯಾಲೋವೀನ್‌ಗೆ ಹಸಿರು ನಿಶಾನೆ ಅಂತ ತಿಳ್ಕೋಬೇಡಿ. ನಿಜವಾದ ವಿಷಯಗಳೇ ಸಾಕಷ್ಟಿವೆ. ಸ್ಕಾಟ್ಲೆಂಡ್‌ನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಹ್ಯಾಲೋವೀನ್ ಬಗ್ಗೆ ಬರೆದ ದೊಡ್ಡ ಪದ್ಯ ತುಂಬಿರೋದು ಕಣಿ ಕೇಳೋ ಆಟಗಳಿಂದ: ಬೆಂಕಿಗೆ ಕಾಯಿ ಹಾಕಿ, ಕಣ್ಣು ಮುಚ್ಚಿ ಕೋಸಿನ ಗಿಡ ಕಿತ್ತು, ಕನ್ನಡಿ ನೋಡಿ, ಯಾರನ್ನು ಮದುವೆ ಆಗ್ತೀನಿ ಅಂತ ತಿಳ್ಕೊಳ್ಳೋದು. ಇದು ಕಲ್ಪನೆ ಅಲ್ಲ, ಜನ ಮಾಡ್ತಿದ್ದದ್ದು. ಇವತ್ತಿನ ಪಾರ್ಟಿಯಲ್ಲಿ ಟ್ಯಾರೋ ಕಾರ್ಡ್ ಇಡ್ತಾರೆ, ಊಯಿಜಾ ಬೋರ್ಡ್ ತರ್ತಾರೆ. ಧರ್ಮೋಪದೇಶಕಾಂಡ 18:10 ಓದಿ, ಅಲ್ಲಿ ನನಗೆ ಯಾವ ಗೊಂದಲವೂ ಇಲ್ಲ, ತಮಾಷೆಗೂ ಆ ಟೇಬಲ್ ಹತ್ತಿರ ಹೋಗಬೇಡಿ. ಕೊಯ್ದ ಕುತ್ತಿಗೆ, ಸುರಿಯೋ ರಕ್ತದ ಮೇಕಪ್ಪು ಮಾಡಿಕೊಂಡು ನಗೋದೂ ನನಗೆ ಹಿಡಿಸೋದಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡೋ ನರ್ಸ್‌ಗಳು ನಮ್ಮ ಸಭೆಯಲ್ಲಿದ್ದಾರೆ, ಅವರನ್ನು ಕೇಳಿ.

ಆದ್ರೆ ಪಕ್ಕದ ಮನೆಯ ಐದು ವರ್ಷದ ಮಗು ಸ್ಪೈಡರ್‌ಮ್ಯಾನ್ ಬಟ್ಟೆ ಹಾಕ್ಕೊಂಡು ಬೆಲ್ ಮಾಡಿದರೆ? ನಾನು ಚಾಕೊಲೇಟ್ ಕೊಡ್ತೀನಿ, ಹೆಸರು ಕೇಳ್ತೀನಿ, ಅವರಮ್ಮನನ್ನು ಮಾತಾಡಿಸ್ತೀನಿ. ನಮ್ಮ ಮಗಳ ಶಾಲೆಯಿಂದ ದೆವ್ವದ ವೇಷ ಹಾಕಿ ಕಳಿಸಿ ಅಂತ ಸರ್ಕ್ಯುಲರ್ ಬಂದಾಗ, ನಾನು ನನ್ನ ಹೆಂಡತಿ ಮಾತಾಡಿಕೊಂಡು ಟೀಚರ್‌ಗೆ ಎರಡು ಸಾಲು ಬರೆದೆವು: ಸಾವನ್ನು ತಮಾಷೆ ಮಾಡೋದು ನಮ್ಮ ಮನೆಯಲ್ಲಿ ರೂಢಿ ಇಲ್ಲ, ಅವಳು ಚಿಟ್ಟೆ ವೇಷದಲ್ಲಿ ಬರಬಹುದಾ? ಟೀಚರ್ ಆಯ್ತು ಅಂದರು. ಸುಳ್ಳು ಇತಿಹಾಸ ಬೇಕಾಗಲಿಲ್ಲ. ನಿಮ್ಮಲ್ಲಿ ಕೆಲವರು ಚಿಟ್ಟೆಯೂ ಬೇಡ, ಅವತ್ತು ರಜೆ ಹಾಕಿಸ್ತೀವಿ ಅಂತೀರಿ. ಹಾಗೇ ಮಾಡಿ, ನಿಮ್ಮ ಮನಸ್ಸಾಕ್ಷಿಯನ್ನು ನಾನು ಗೌರವಿಸ್ತೀನಿ. ಕೊರಿಂಥದಲ್ಲಿ ವಿಗ್ರಹಕ್ಕೆ ಅರ್ಪಿಸಿದ ಮಾಂಸದ ಬಗ್ಗೆ ಇದೇ ಥರ ಎರಡು ಗುಂಪು ಇತ್ತು. ಪೌಲನು ಯಾವ ಗುಂಪನ್ನೂ ಸಭೆಯಿಂದ ಆಚೆ ಹಾಕಲಿಲ್ಲ. ಮಾಂಸ ಎಲ್ಲಿಂದ ಬಂತು ಅಂತ ಕಟುಕನ ಅಂಗಡಿಯಲ್ಲಿ ಪತ್ತೇದಾರಿ ಮಾಡಿ ಅಂತಲೂ ಹೇಳಲಿಲ್ಲ. ಎದುರಿಗೆ ಕೂತ ಮನುಷ್ಯನನ್ನು ನೋಡು ಅಂದ.

ಮುಂದಿನ ಶನಿವಾರದ ಸೆಲ್ ಗ್ರೂಪ್‌ಗೆ 1 ಕೊರಿಂಥ 8ರಿಂದ 10ರವರೆಗೆ ಓದಿಕೊಂಡು ಬನ್ನಿ. ನಿಮ್ಮ ಮೊಬೈಲ್‌ನಲ್ಲಿರೋ ಇಂಥ ಒಂದೊಂದು ಫಾರ್ವರ್ಡ್ ತನ್ನಿ, ಜೊತೆಗೆ ಅದನ್ನು ಮೊದಲು ಹೇಳಿದವರು ಯಾರು, ಯಾವ ವರ್ಷ ಅಂತ ಹುಡುಕಿ ತನ್ನಿ. ಕ್ರಿಸ್ಮಸ್ ಮರದ ಬಗ್ಗೆ ಎರಡು, ಈಸ್ಟರ್ ಮೊಟ್ಟೆ ಬಗ್ಗೆ ಒಂದು ಈಗಾಗಲೇ ನನ್ನ ಹತ್ತಿರ ಬಂದಿವೆ, ಅವನ್ನು ಬಿಟ್ಟು ಬೇರೆ ತನ್ನಿ.